ಕಟ್ಟದೇ ಇದ್ದ ಬಿಳಿ ಕರ್ಚೀಫು

ಸಿದ್ದರಾಜುವಿನ ಕಾರಿನ ಬಾಗಿಲಿಗೆ ಆ ದಿನ ಬಿಳಿ ಕರ್ಚೀಫು ಕಟ್ಟಿರಲಿಲ್ಲ. ಕಟ್ಟಿತ್ತು ಅಂತ ನಾನು ಹೇಳಿದ್ದು ಸುಳ್ಳು. ಒಂದು ಸಲ ಅಲ್ಲ, ಎರಡು ಸಲ ಹೇಳಿದೆ — ಮೊದಲ ಸಲ ಚಿನ್ನದ ಗಣಿಯ ಬಾಗಿಲಲ್ಲಿ, ಎರಡನೆಯ ಸಲ ಆಸ್ಪತ್ರೆಯ ಬೆಂಚಿನ ಮುಂದೆ, ಅವನ ಮುಖ ನೋಡಿಕೊಂಡೇ. ಆಮೇಲೆ ನಾನು ಹೇಳುವ ಅಗತ್ಯವೇ ಬೀಳಲಿಲ್ಲ. ನನ್ನ ಸುಳ್ಳನ್ನು ಬೇರೆಯವರೇ ಹೇಳಿಕೊಂಡು ಬಂದರು. ಕೊನೆಗೆ ಅವನೂ ಅದನ್ನೇ ಹೇಳಿದ.

ನಾನು ಮೋಟಾರು ರಿಪೇರಿಯವನು, ಬರೆದು ಅಭ್ಯಾಸವಿಲ್ಲ. ಗ್ಯಾರೇಜಿಗೆ ಬಂದವರ ಮುಖಕ್ಕೇ ‘ನಿಮ್ಮ ಗಾಡಿ ಕೆಟ್ಟಿಲ್ಲ ಸ್ವಾಮಿ, ನಿಮಗೆ ಓಡಿಸೋಕೆ ಬರಲ್ಲ’ ಅಂತ ಹೇಳಿದವನು ನಾನು. ಗೋವಿಂದನ ಬಾಯಿ ಕೆಟ್ಟದ್ದು, ಆದರೆ ಮನುಷ್ಯ ನೇರ — ಮಾಗಡಿ ರಸ್ತೆಯಲ್ಲಿ ನನಗಿದ್ದ ಹೆಸರು ಅದು. ಆ ಹೆಸರು ಕೇಳಿದಾಗಲೆಲ್ಲ ಒಳಗೊಳಗೇ ಕುಗ್ಗುತ್ತಿದ್ದೆ. ಕುಗ್ಗಿದರೂ ಬಾಯಿ ಬಿಡಲಿಲ್ಲ. ನನ್ನ ಹೆಂಡತಿಗೂ ಹೇಳಲಿಲ್ಲ, ಅವಳೂ ಹೋದಳು.

ಐವತ್ತರ ದಶಕದ ಮಾತು. ರಾಜಾಜಿನಗರ ಆಗಿನ್ನೂ ಏಳುತ್ತಿತ್ತು. ಅರ್ಧ ಕಟ್ಟಿದ ಮನೆಗಳು, ಮಳೆ ಬಂದರೆ ಚಕ್ರ ಹೂತುಹೋಗುವ ಮಣ್ಣು ರಸ್ತೆಗಳು, ಕಾರ್ಖಾನೆಗಳಿಗೆ ಹಾಕುತ್ತಿದ್ದ ಶೆಡ್ಡುಗಳು. ನಮ್ಮಪ್ಪ ಬಟ್ಟೆ ಮಿಲ್ಲಿನಲ್ಲಿ ದುಡಿದು ಸತ್ತವರು. ನಾನು ಮಿಲ್ಲಿಗೆ ಹೋಗದೆ ಮಾಗಡಿ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು ಹಾಕಿ ಗ್ಯಾರೇಜು ಶುರುಮಾಡಿದ್ದೆ. ಮಿಲಿಟರಿಯವರು ಹರಾಜಿಗೆ ಹಾಕಿದ್ದ ಒಂದು ಗಾಡಿಯನ್ನು ತಂದು, ಬಿಚ್ಚಿ, ಮತ್ತೆ ಜೋಡಿಸಿ ಓಡಿಸುತ್ತಿದ್ದೆ. ಅದರ ಮೇಲೆ ನನಗೆ ಬಲು ಜಂಭ.

ಸಿದ್ದರಾಜು ಸುಂಕದಕಟ್ಟೆ ಕಡೆಯವನು, ಒಕ್ಕಲುತನದ ಮನೆಯವನು. ಬಡಾವಣೆಗೆ ಅವರ ಹೊಲ ಹೋದಾಗ ಬಂದ ದುಡ್ಡಲ್ಲಿ ಮನೆಯವರೆಲ್ಲ ಮನೆ ಕಟ್ಟಿಸೋಣ ಅಂದರೆ ಇವನು ಹಟ ಹಿಡಿದು ಒಂದು ಹಳೇ ಕಾರು ತಂದ. ತಂದು ನೇರ ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ, ‘ಗೋವಿಂದ, ಇದಕ್ಕೆ ಎತ್ತಿನ ಹಾಗೆ ಮೂಗುದಾರ ಎಲ್ಲಿರುತ್ತೆ ತೋರಿಸು’ ಅಂತ ನಕ್ಕ. ಅವತ್ತಿನಿಂದ ನಾವು ಸ್ನೇಹಿತರು. ನಾನು ರೇಗಿದರೆ ನಗುತ್ತಿದ್ದ. ನಾನು ಬೈದರೆ ಇನ್ನೂ ನಗುತ್ತಿದ್ದ.

ನಮ್ಮ ಕಡೆ ಕಾರಿದ್ದವರೆಲ್ಲ ಸೇರಿ ಒಂದು ಕ್ಲಬ್ಬು ಮಾಡಿಕೊಂಡಿದ್ದರು. ಕ್ಲಬ್ಬು ಅಂದರೆ ದೊಡ್ಡದೇನಲ್ಲ, ಏಳೆಂಟು ಹಳೇ ಕಾರುಗಳು, ಅವುಗಳ ಹುಚ್ಚು ಹಿಡಿಸಿಕೊಂಡ ಏಳೆಂಟು ಸಂಸಾರಗಳು. ರಿಟೈರಾದ ಇಂಜಿನಿಯರ್ ರಾಯರು ಅದಕ್ಕೆ ಅಧ್ಯಕ್ಷರು. ಆಗಾಗ ಒಂದು ಭಾನುವಾರ ಎಲ್ಲರೂ ಸಾಲಾಗಿ ಎಲ್ಲಿಗಾದರೂ ಹೋಗಿ ಸಂಜೆಗೆ ವಾಪಸ್ಸು ಬರುವುದು — ಅಷ್ಟೇ ಕ್ಲಬ್ಬಿನ ಕೆಲಸ. ಆಗಿನ ಕಾರುಗಳೋ, ನಾಲ್ಕು ಮೈಲಿ ಹೋದರೆ ಒಂದಲ್ಲ ಒಂದು ಕಡೆ ಹೊಗೆ. ಅದಕ್ಕೇ ರಾಯರು ಎರಡು ಕಟ್ಟಳೆ ಮಾಡಿದ್ದರು. ಅವುಗಳನ್ನು ಮಾತ್ರ ಯಾರೂ ಮೀರುತ್ತಿರಲಿಲ್ಲ.

ಮೊದಲನೆಯದು, ಸಾಲಿನ ಕೊನೆಗೆ ಬಾಲದ ಗಾಡಿ ಅಂತ ಒಂದು ಇರಬೇಕು. ಅದರಲ್ಲಿ ಓಡಿಸುವವನೊಬ್ಬನೇ, ಮತ್ತೆ ಹಗ್ಗ, ಸಾಮಾನು, ನೀರಿನ ಡಬ್ಬ. ಮಿಕ್ಕಿದ್ದೆಲ್ಲ ಖಾಲಿ. ಯಾರ ಗಾಡಿ ಕೈಕೊಟ್ಟರೂ ಅವರನ್ನು ಹತ್ತಿಸಿಕೊಂಡು ಬರಲಿ ಅಂತಲೇ ಅದು ಖಾಲಿ. ನಿಂತ ಗಾಡಿಯನ್ನು ಬಾಲದ ಗಾಡಿ ದಾಟಿ ಹೋಗಕೂಡದು. ಎರಡನೆಯದು ಕರ್ಚೀಫಿನದು. ಗಾಡಿ ಕೆಡದೆ ಸುಮ್ಮನೆ ಸುಧಾರಿಸಿಕೊಳ್ಳಲಿಕ್ಕೆ ನಿಲ್ಲಿಸಿದವರು ಬಾಗಿಲ ಹಿಡಿಗೆ ಒಂದು ಬಿಳಿ ಕರ್ಚೀಫು ಕಟ್ಟಬೇಕು. ನಾವು ಚೆನ್ನಾಗಿದ್ದೇವೆ, ನೀನು ಹೋಗು ಅಂತ ಅದರ ಅರ್ಥ. ಕರ್ಚೀಫು ಕಂಡರೆ ಮಾತ್ರ ಬಾಲದವನು ಮುಂದೆ ಹೋಗಬಹುದು.

ಬಾಲದ ಗಾಡಿ ಯಾವಾಗಲೂ ನನ್ನದೇ. ರಿಪೇರಿ ಬರುವವನು ನಾನೊಬ್ಬನೇ ಅಲ್ಲವೇ? ರಾಯರು ಎಲ್ಲರೆದುರು, ಗೋವಿಂದ ಹಿಂದಿದ್ದರೆ ನಮಗೆಲ್ಲ ಧೈರ್ಯ ಅನ್ನುತ್ತಿದ್ದರು. ಮೊದಮೊದಲು ಎದೆಯುಬ್ಬಿಸಿಕೊಂಡು ತಿರುಗಿದೆ. ಆಮೇಲೆ ಬೇಸರ ಶುರುವಾಯಿತು. ಎಲ್ಲಿಗೆ ಹೋದರೂ ನಾನು ತಲುಪುವಷ್ಟರಲ್ಲಿ ಊಟ ಆರಿರುತ್ತಿತ್ತು, ಫೋಟೋ ತೆಗೆದಾಗಿರುತ್ತಿತ್ತು. ಒಂದು ಸಲ ಜಲಪಾತ ನೋಡಲು ಹೋಗಿ, ಜಲಪಾತದ ಸದ್ದು ಕೇಳಿಸುವ ದೂರದಲ್ಲಿ ಯಾರದೋ ಗಾಡಿಯ ಕೆಳಗೆ ಮಲಗಿದ್ದು ಹಾಗೇ ವಾಪಸ್ಸು ಬಂದಿದ್ದೆ. ಇದನ್ನು ನೆಪ ಅಂತ ಹೇಳುತ್ತಿಲ್ಲ. ನನ್ನ ಮನಸ್ಸು ಎಷ್ಟು ಚಿಕ್ಕದಾಗಿತ್ತು ಅಂತ ತೋರಿಸಲಿಕ್ಕೆ ಹೇಳುತ್ತಿದ್ದೇನೆ.

ಆಗ ಬಂತು ಕೋಲಾರದ ಚಿನ್ನದ ಗಣಿಯ ಪ್ರವಾಸ. ಯಾರನ್ನೋ ಹಿಡಿದು ರಾಯರು ಗಣಿಯೊಳಕ್ಕೆ ಇಳಿಯಲು ಅಪ್ಪಣೆ ತಂದಿದ್ದರು. ಹೆಂಗಸರು ಇಳಿಯುವ ಹಾಗಿಲ್ಲ, ಅವರಿಗೆ ಮೇಲೆಯೇ ಯಂತ್ರಗಳು, ಬಂಗಲೆಗಳು, ಊರು. ಗಂಡಸರಿಗೆ ಮಧ್ಯಾಹ್ನದ ಒಳಗೆ ಒಂದೇ ಒಂದು ಸರದಿ. ತಡವಾಗಿ ಬಂದವರಿಗೆ ಇಲ್ಲ ಅಂತ ರಾಯರು ಖಡಾಖಂಡಿತವಾಗಿ ಹೇಳಿದ್ದರು. ನಮ್ಮಪ್ಪ ಮಿಲ್ಲಿಗೆ ಸೇರುವ ಮುಂಚೆ ಸ್ವಲ್ಪ ಕಾಲ ಆ ಗಣಿಯಲ್ಲಿ ಇದ್ದವರು. ಭೂಮಿ ಒಳಗೆ ಬೆವರು ಕುದಿಯುತ್ತೆ ಮಗಾ, ಆದರೆ ಅಲ್ಲಿ ನಿಂತವನಿಗೇ ಅದು ಏನು ಅಂತ ಗೊತ್ತಾಗೋದು ಅನ್ನುತ್ತಿದ್ದರು. ನಾನು ಅಲ್ಲಿ ನಿಲ್ಲಬೇಕಿತ್ತು. ಈ ಸಲ ಯಾರಿಗೋಸ್ಕರವೂ ತಪ್ಪಿಸಿಕೊಳ್ಳುವುದಿಲ್ಲ ಅಂತ ಹೊರಡುವಾಗಲೇ ಪಣ ತೊಟ್ಟಿದ್ದೆ.

ಬೆಳಗಿನ ಚಳಿಯಲ್ಲಿ ಹೊರಟೆವು. ಊರು ದಾಟಿ, ಹೊಸಕೋಟೆಯ ಹೋಟೆಲಿನ ಮುಂದೆ ಕಾಫಿಗೆ ನಿಂತಾಗ ಸಿದ್ದರಾಜು ನನ್ನನ್ನು ಪಕ್ಕಕ್ಕೆ ಕರೆದ. ಅವನ ಹೆಂಡತಿ ಜಯಮ್ಮ ಕಾರಿನಲ್ಲೇ ಕೂತಿದ್ದರು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಈಗ ಐದು ತಿಂಗಳು ಅಂತ ಹೇಳಿ ಹುಡುಗನ ಹಾಗೆ ನಾಚಿಕೊಂಡ. ಅವನ ತಾಯಿ ಬೇಡ ಅಂದಿದ್ದರಂತೆ. ಆದರೆ ಚಿನ್ನದ ಊರು ನೋಡಬೇಕು ಅಂತ ಜಯಮ್ಮ ಆಸೆಪಟ್ಟರು, ಇವನು ಇಲ್ಲ ಅನ್ನಲಾರದೆ ಕರೆದುಕೊಂಡು ಬಂದ. ‘ನಿಧಾನಕ್ಕೆ ಓಡಿಸ್ತೀನಿ ಕಣೋ. ನೀನು ಹಿಂದೆ ಇದೀಯಲ್ಲ, ಅದೇ ಧೈರ್ಯ’ ಅಂದ.

ನಾನು ಏನಂದೆ? ‘ನಿನ್ನ ರೇಡಿಯೇಟರಿಗೆ ನೀರು ಹಾಕಿಕೋ ಮೊದಲು’ ಅಂತ ರೇಗಿದೆ. ಅವನು ಎಂದಿನ ಹಾಗೆ ನಕ್ಕ.

ಹೊಸಕೋಟೆ ಬಿಟ್ಟ ಮೇಲೆ ಅವನ ಗಾಡಿ ಎರಡು ಸಲ ನಿಂತಿತು. ಎರಡು ಸಲವೂ ನಾನು ಇಳಿದೆ, ಬೆಲ್ಟು ಬಿಗಿ ಮಾಡಿದೆ, ನೀರು ಹಾಕಿದೆ, ಬೈದೆ. ಮುಂದಿನ ಗಾಡಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗಿದ್ದವು. ಕೋಲಾರದಲ್ಲಿ ಇನ್ನೊಂದು ಗಾಡಿಯ ಚಕ್ರಕ್ಕೆ ಮೊಳೆ ಹೊಕ್ಕು, ಅದನ್ನು ಬದಲಾಯಿಸಲು ನಾನು ಉಳಿದುಕೊಂಡೆ. ಸಿದ್ದರಾಜು ಮುಂದೆ ಹೋದ. ಕೆಲಸ ಮುಗಿಸಿದ ಮೇಲೆ ಆ ಗಾಡಿಯವರೂ ಧೂಳೆಬ್ಬಿಸಿಕೊಂಡು ಹೊರಟುಹೋದರು, ಅವರು ಅವನನ್ನು ದಾಟಿದಾಗ ಅವನಿನ್ನೂ ನಿಂತಿರಲಿಲ್ಲವಂತೆ. ನಾನು ಕೈ ತೊಳೆದುಕೊಂಡು ಹೊರಡುವಾಗ ನನಗೆ ಒಂದೇ ಯೋಚನೆ — ಗಣಿಯ ಸರದಿ ತಪ್ಪುತ್ತದೆ. ಈ ಸಲವೂ ತಪ್ಪುತ್ತದೆ.

ಬಂಗಾರಪೇಟೆಯ ದಾರಿಯಲ್ಲಿ, ಎರಡೂ ಕಡೆ ಹುಣಿಸೆಮರಗಳ ನೆರಳಿದ್ದ ಕಡೆ, ಅವನ ಗಾಡಿ ನಿಂತಿದ್ದನ್ನು ದೂರದಿಂದಲೇ ಕಂಡೆ. ಬಾನೆಟ್ಟು ಎತ್ತಿತ್ತು. ಹೊರಗೆ ಯಾರೂ ಇರಲಿಲ್ಲ. ನಾನು ಗಾಡಿಯ ವೇಗ ತಗ್ಗಿಸಿದೆ. ಬಾಗಿಲ ಹಿಡಿಯನ್ನೇ ಮೊದಲು ನೋಡಿದೆ — ಅಭ್ಯಾಸ. ಅಲ್ಲಿ ಏನೂ ಇರಲಿಲ್ಲ. ಬರೀ ಹಿಡಿ, ಎಲೆಗಳ ಸಂದಿಯ ಬಿಸಿಲಿಗೆ ಹೊಳೆಯುತ್ತಿತ್ತು.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ. ಇವನದ್ದು ಇದ್ದದ್ದೇ. ನೀರಿಗೆ ಹೋಗಿರುತ್ತಾನೆ, ಬಂದು ಹಾಕಿಕೊಂಡು ಬರುತ್ತಾನೆ. ಎರಡು ಸಲ ಮಾಡಿ ತೋರಿಸಿದ್ದೇನೆ, ಕಲಿತಿರಬೇಕು. ಇಳಿದರೆ ಮತ್ತೆ ಅರ್ಧ ಗಂಟೆ. ಅರ್ಧ ಗಂಟೆ ಹೋದರೆ ಗಣಿ ಹೋಯಿತು. ಬರುವಾಗ ನೋಡಿಕೊಂಡರಾಯಿತು... ಇಷ್ಟೇ. ಇಷ್ಟಕ್ಕೆ ನಾನು ಗೇರು ಬದಲಿಸಿ ಮುಂದೆ ಹೋದೆ. ನನ್ನ ಗಾಡಿಯ ಹಿಂದಿನ ಸೀಟು ಪೂರ್ತಿ ಖಾಲಿಯಿತ್ತು.

ಗಣಿಯ ಬಾಗಿಲಲ್ಲಿ ನಮ್ಮವರೆಲ್ಲ ಆಗಲೇ ತಲೆಗೆ ಗಟ್ಟಿ ಟೋಪಿ ಹಾಕಿಕೊಂಡು ನಿಂತಿದ್ದರು. ಅಲ್ಲೊಂದು ಪದ್ಧತಿ. ಕೆಳಗೆ ಇಳಿಯುವ ಪ್ರತಿಯೊಬ್ಬನಿಗೂ ಒಂದು ಹಿತ್ತಾಳೆ ಬಿಲ್ಲೆ ಕೊಡುತ್ತಾರೆ, ಮೇಲೆ ಬಂದ ಮೇಲೆ ವಾಪಸ್ಸು ಕೊಡಬೇಕು. ಯಾರೊಬ್ಬರೂ ಭೂಮಿಯೊಳಗೆ ಉಳಿದುಹೋಗಬಾರದಲ್ಲ. ನಮ್ಮ ಗುಂಪಿಗೆ ಅಂತ ಹಲಗೆಯ ಮೇಲೆ ಬಿಲ್ಲೆಗಳನ್ನು ನೇತು ಹಾಕಿದ್ದರು. ಎಲ್ಲರೂ ಒಂದೊಂದು ತೆಗೆದುಕೊಂಡೆವು. ಒಂದು ಬಿಲ್ಲೆ ಮೊಳೆಯಲ್ಲೇ ಉಳಿಯಿತು.

ರಾಯರು ಅದನ್ನು ನೋಡಿ ನನ್ನ ಕಡೆ ತಿರುಗಿದರು. ‘ಸಿದ್ದರಾಜು ಎಲ್ಲಪ್ಪ?’

ನಿಜ ಹೇಳಿದ್ದರೆ ಅವರು ನನ್ನನ್ನು ಅಲ್ಲಿಂದಲೇ ಓಡಿಸುತ್ತಿದ್ದರು. ನಾನೂ ಬೈದುಕೊಂಡು ಹೋಗುತ್ತಿದ್ದೆ. ಆಗಲೂ ತಡವಾಗಿರಲಿಲ್ಲ. ಇದನ್ನು ನಾನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ... ಆಗಲೂ ತಡವಾಗಿರಲಿಲ್ಲ.

‘ಬಿಳಿ ಕರ್ಚೀಫು ಕಟ್ಟಿದ್ದ ಸಾರ್. ನೆರಳಲ್ಲಿ ಸುಧಾರಿಸ್ಕೊಂಡು ಬರ್ತಾರೆ’ ಅಂದೆ.

ನಾಲಿಗೆ ತಡವರಿಸಲಿಲ್ಲ. ರಾಯರು ತಲೆಯಾಡಿಸಿದರು. ಪಂಜರದಂಥ ಲಿಫ್ಟಿನಲ್ಲಿ ನಮ್ಮನ್ನು ಒತ್ತಿ ನಿಲ್ಲಿಸಿ ಕೆಳಗೆ ಬಿಟ್ಟರು. ಕಿವಿ ಗುಂಯ್ ಅಂದವು. ಕೆಳಗೆ ಅಪ್ಪ ಹೇಳಿದ ಹಾಗೇ ಇತ್ತು. ಉಸಿರು ಕಟ್ಟಿಸುವ ಸೆಕೆ, ಗೋಡೆಯಿಂದ ತೊಟ್ಟಿಕ್ಕುವ ನೀರು, ದೂರದಲ್ಲೆಲ್ಲೋ ಬಂಡೆ ಕೊರೆಯುವ ಸದ್ದು. ಚಿನ್ನ ಎಲ್ಲೂ ಕಾಣಲಿಲ್ಲ, ಬರೀ ಕರೀ ಕಲ್ಲು. ಅಪ್ಪ ನಿಂತ ಜಾಗದಲ್ಲಿ ನಿಂತಿದ್ದೇನೆ ಅನ್ನಿಸಿ ಕಣ್ಣಲ್ಲಿ ನೀರು ಬಂತು. ನನಗೆ ಅತಿ ಹೆಚ್ಚು ನಾಚಿಕೆ ತರುವ ಸಂಗತಿ ಇದೇ — ಕೆಳಗಿದ್ದಷ್ಟು ಹೊತ್ತು ಸಿದ್ದರಾಜು ನನಗೆ ಒಂದು ಸಲವೂ ನೆನಪಾಗಲಿಲ್ಲ. ನಾನು ಸಂತೋಷವಾಗಿದ್ದೆ.

ಮೇಲೆ ಬಂದ ಮೇಲೆ ಫೋಟೋ ತೆಗೆದರು. ಮುಂದಿನ ಸಾಲಿನಲ್ಲಿ ನಾನು, ಕೈಯಲ್ಲಿ ಗಣಿಯ ದೀಪ ಹಿಡಿದುಕೊಂಡು ಹಲ್ಲು ಕಿರಿದಿದ್ದೇನೆ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು, ಊರು ಸುತ್ತಿದೆವು. ಊಟದ ಹೊತ್ತಿಗೂ ಅವನು ಬರಲಿಲ್ಲ. ಯಾರೋ ಕೇಳಿದಾಗ ರಾಯರೇ ಉತ್ತರ ಹೇಳಿದರು, ಬಸುರಿ ಹೆಂಗಸು, ಆಯಾಸವಾಗಿ ಹಿಂದಕ್ಕೆ ಹೋಗಿರಬೇಕು, ಕರ್ಚೀಫು ಕಟ್ಟಿದ್ದರಂತೆ ಅಂತ. ನಾನು ಇನ್ನೊಂದು ತುತ್ತು ಬಾಯಿಗಿಟ್ಟೆ. ನೀರು ಕುಡಿದೆ, ಇಳಿಯಿತು.

ಸಂಜೆ ವಾಪಸ್ಸು ಬರುವಾಗ ಹುಣಿಸೆಮರಗಳ ಹತ್ತಿರ ಮುಂದಿನ ಗಾಡಿಗಳೆಲ್ಲ ನಿಂತಿದ್ದವು. ಸಿದ್ದರಾಜುವಿನ ಕಾರು ಬೆಳಿಗ್ಗೆ ನಿಂತಲ್ಲೇ ಇತ್ತು, ಬಾನೆಟ್ಟು ಎತ್ತಿಕೊಂಡೇ ಇತ್ತು. ಅದರ ಕಾವಲಿಗೆ ಹಳ್ಳಿಯ ಮುದುಕರೊಬ್ಬರು ಕೂತಿದ್ದರು. ಹೆಣ್ಣುಮಗಳಿಗೆ ವಿಪರೀತ ಹೊಟ್ಟೆನೋವು ಬಂದು, ಮಧ್ಯಾಹ್ನ ಇಳಿದ ಮೇಲೆ ಒಂದು ತರಕಾರಿ ಲಾರಿ ಹತ್ತಿಸಿ ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದರು ಅಂದರು. ಅದಕ್ಕೂ ಮುಂಚೆ ಕೋಲಾರದ ಬಸ್ಸು ಬಂದು ನಿಂತಿತ್ತಂತೆ. ಕಂಡಕ್ಟರು ಹತ್ತಿ ಅಂದನಂತೆ. ಸಿದ್ದರಾಜು ಬೇಡ ಅಂದನಂತೆ.

ಯಾಕೆ ಬೇಡ ಅಂದ ಅಂತ ನನಗೆ ಗೊತ್ತಿತ್ತು. ಕ್ಲಬ್ಬಿನ ಯಾರಿಗಾದರೂ ಗೊತ್ತಾಗುತ್ತಿತ್ತು. ಕುಲುಕಾಡುವ ಬಸ್ಸು ಯಾಕೆ, ಹಿಂದೆ ಖಾಲಿ ಗಾಡಿ ಬರುತ್ತಿದೆ, ಮಲಗಿಸಿಕೊಂಡು ಹೋಗಬಹುದು. ಗೋವಿಂದ ಬರುತ್ತಾನೆ. ಬೇರೆ ಯಾವನಾದರೂ ಆ ಬಸ್ಸು ಹತ್ತುತ್ತಿದ್ದ. ನಮ್ಮ ಕ್ಲಬ್ಬಿನವನಾದ್ದರಿಂದ ಅವನು ಹತ್ತಲಿಲ್ಲ.

ಆಸ್ಪತ್ರೆಯಲ್ಲಿ ಅವನು ಬೆಂಚಿನ ಮೇಲೆ ಕೂತಿದ್ದ. ಅಂಗಿಯ ತುಂಬ ಧೂಳು. ಮಗು ಉಳಿಯಲಿಲ್ಲ, ಮುಂಚೆ ಬಂದಿದ್ದರೆ ನೋಡಬಹುದಿತ್ತು ಅಂತ ಡಾಕ್ಟರು ಅಂದರಂತೆ. ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಅವನು ಹಾಗೆ ನನ್ನನ್ನು ನೋಡಿದ್ದು ಅದೇ ಮೊದಲು, ಅದೇ ಕೊನೆ. ‘ಎಲ್ಲಿ ಹೋಗಿದ್ಯೋ ಗೋವಿಂದ?’ ಅಂದ.

ನಾನು ಬಾಯಿ ತೆರೆಯುವ ಮುಂಚೆ ರಾಯರು ಅವನ ಹೆಗಲ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು. ನೀನು ಕರ್ಚೀಫು ಕಟ್ಟಿದ್ದೆಯಲ್ಲಪ್ಪ, ಅದನ್ನು ನೋಡಿ ಅವನು ಮುಂದೆ ಬಂದ.

ಅವನಿಗೆ ಅರ್ಥವಾಗಲಿಲ್ಲ. ರಾಯರನ್ನು ನೋಡಿದ, ನನ್ನನ್ನು ನೋಡಿದ. ‘ಕಟ್ಟಿದ್ನಾ?’ ಅಂತ ನನ್ನನ್ನೇ ಕೇಳಿದ.

ಅದು ಜಗಳದ ಮಾತಲ್ಲ. ನಿಜವಾಗಿಯೂ ಕೇಳಿದ. ಬಾಟಲಿಯಲ್ಲಿ ಉಳಿದಿದ್ದ ನೀರಲ್ಲಿ ಕರ್ಚೀಫು ಒದ್ದೆಮಾಡಿ ಜಯಮ್ಮನ ಹಣೆಗೆ ಹಾಕಿದ್ದನಂತೆ. ರೇಡಿಯೇಟರು ಕುದಿಯುತ್ತಿತ್ತು, ಹೆಂಡತಿ ನರಳುತ್ತಿದ್ದಳು, ಡಬ್ಬ ಹಿಡಿದುಕೊಂಡು ಕೆರೆಗೆ ಓಡಿದ್ದ. ಆ ಗಾಬರಿಯಲ್ಲಿ ಕರ್ಚೀಫು ಎಲ್ಲಿ ಹಾಕಿದೆ, ಯಾವ ಕೈಯಲ್ಲಿ ಹಾಕಿದೆ — ಅವನಿಗೇ ಗೊತ್ತಿರಲಿಲ್ಲ. ಗೊತ್ತಿದ್ದವನು ಲೋಕದಲ್ಲಿ ಒಬ್ಬನೇ, ಅವನ ಮುಂದೆಯೇ ನಿಂತಿದ್ದ.

‘ಹ್ಞೂ ಕಣೋ, ಬಾಗಿಲ ಹಿಡಿಗೆ ಇತ್ತು’ ಅಂದೆ.

ಅವನು ಮತ್ತೆ ಬೆಂಚಿನ ಮೇಲೆ ಕೂತ. ಹಣೆಯ ಮೇಲಿಂದ ತೆಗೆದು ಒಣಗಲಿ ಅಂತ ಹಾಕಿದ್ದೆನೇನೋ ಅಂತ ತನ್ನಷ್ಟಕ್ಕೆ ಗೊಣಗಿದ. ಒಳಗೆ ಮಲಗಿದ್ದ ಜಯಮ್ಮ ಆಮೇಲೆ ಹೇಳಿದ್ದೂ ನನ್ನ ಸುಳ್ಳಿಗೇ ಬಲ ಕೊಟ್ಟಿತು. ಆ ನೋವಿನಲ್ಲಿ ಕರ್ಚೀಫು ಹಣೆಯ ಮೇಲಿತ್ತೋ ಇಲ್ಲವೋ ಅವರಿಗೂ ನೆನಪಿರಲಿಲ್ಲ. ಒಂದು ಗಾಡಿ ಹತ್ತಿರ ಬಂದು ನಿಧಾನವಾಯಿತು, ಮತ್ತೆ ಹೋಯಿತು ಅಂತ ಅವರಿಗೆ ಕೇಳಿಸಿತ್ತಂತೆ. ಗಂಡ ಕೆರೆಯಿಂದ ಬಂದಾಗ ಹೇಳಿದರೆ, ‘ಗೋವಿಂದ ಆಗಿದ್ರೆ ನಿಲ್ಲಿಸ್ದೆ ಹೋಗ್ತಿದ್ನಾ?’ ಅಂದನಂತೆ. ಈಗ ಎಲ್ಲರೂ ಅದನ್ನು ಜೋಡಿಸಿಕೊಂಡರು. ಗೋವಿಂದ ನಿಧಾನ ಮಾಡಿದ್ದಾನೆ, ಕರ್ಚೀಫು ನೋಡಿದ್ದಾನೆ, ಕಟ್ಟಳೆಯ ಪ್ರಕಾರ ಮುಂದೆ ಹೋಗಿದ್ದಾನೆ. ಪಾಪ, ಅವನದೇನು ತಪ್ಪು?

ಇಲ್ಲಿಗೆ ನಿಲ್ಲಿಸಿದರೆ ಇನ್ನೊಂದು ಸುಳ್ಳಾಗುತ್ತದೆ. ಗಾಡಿಯಲ್ಲಿ ಯಾರೂ ಕಾಣಲಿಲ್ಲ ಅನ್ನುವ ಹಾಗೆ ಮೇಲೆ ಬರೆದಿದ್ದೇನೆ. ಪೂರ್ತಿ ಬರೆಯಲು ಆಗ ನನಗೆ ಮನಸ್ಸು ಬರಲಿಲ್ಲ. ನಿಧಾನ ಮಾಡಿದಾಗ ಹಿಂದಿನ ಕಿಟಕಿಯ ಅಂಚಿನಲ್ಲಿ ಒಂದು ಕೈ ಕಂಡಿತ್ತು — ಹಸಿರು ಗಾಜಿನ ಬಳೆ ಹಾಕಿದ ಕೈ. ಮಲಗಿಕೊಂಡಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಳ್ಳಬೇಕು ಅಂತ ಅಂದುಕೊಂಡೆ. ಮಲಗಿದವರ ಕೈ ಕಿಟಕಿಯನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುವುದಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು. ಐದು ತಿಂಗಳು ಅನ್ನುವುದೂ ಗೊತ್ತಿತ್ತು.

ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಸಿದ್ದರಾಜು ಕಾರು ಮಾರಿದ. ಕ್ಲಬ್ಬಿನಲ್ಲಿ ರಾಯರು ಕಟ್ಟಳೆ ಬದಲಿಸಿದರು. ಇನ್ನು ಮೇಲೆ ಕರ್ಚೀಫು ಇರಲಿ ಬಿಡಲಿ, ಬಾಲದ ಗಾಡಿ ನಿಲ್ಲಿಸಿ ಕೇಳಿಕೊಂಡೇ ಹೋಗಬೇಕು ಅಂದರು. ಅದಕ್ಕೆ ಜನ ಸಿದ್ದರಾಜು ರೂಲು ಅಂತ ಹೆಸರಿಟ್ಟರು. ಹೊಸದಾಗಿ ಸೇರಿದವರಿಗೂ, ಅವನೊಬ್ಬ ಒದ್ದೆ ಕರ್ಚೀಫು ಒಣಗಿಹಾಕಿ ಹೀಗೆ ಮಾಡಿಕೊಂಡ ಅಂತ ಕಥೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಒಂದು ಸಲವಾದರೂ ಎದ್ದು ನಿಂತು ಬಾಯಿ ಮುಚ್ಚಿ ಅನ್ನಲಿಲ್ಲ, ಕೆಟ್ಟ ಬಾಯಿಯ ಈ ಗೋವಿಂದ.

ಕೆಲವು ತಿಂಗಳ ಮೇಲೆ ಅವನು ಶೆಡ್ಡಿಗೆ ಬಂದ. ಗೋಡೆಗೆ ಗಣಿಯ ಫೋಟೋ ಹಾಕಿದ್ದೆ, ತೆಗೆದರೆ ಯಾಕೆ ತೆಗೆದೆ ಅಂತ ಕೇಳಿಯಾರು ಅಂತ ಹಾಗೇ ಬಿಟ್ಟಿದ್ದೆ. ಅದರ ಮುಂದೆ ಸುಮಾರು ಹೊತ್ತು ನಿಂತು, ಎಷ್ಟು ಚೆನ್ನಾಗಿ ನಕ್ಕಿದ್ದೀಯ ಅಂದ. ಚುಚ್ಚಿ ಹೇಳಿದ್ದಲ್ಲ, ಅವನಿಗೆ ಚುಚ್ಚಲು ಬರುತ್ತಿರಲಿಲ್ಲ. ಆಮೇಲೆ ನನ್ನ ಕೈ ಹಿಡಿದುಕೊಂಡ. ‘ಆಸ್ಪತ್ರೇಲಿ ನಿನ್ನ ಮೇಲೆ ರೇಗಿಬಿಟ್ಟೆ ಕಣೋ. ತಪ್ಪು ನಂದು. ಮನಸ್ಸಲ್ಲಿ ಇಟ್ಕೋಬೇಡ’ ಅಂದ.

ಆಗ ಹೇಳಬಹುದಿತ್ತು. ಗ್ರೀಸು ಮೆತ್ತಿದ ನನ್ನ ಕೈ ಅವನ ಕೈಯೊಳಗಿತ್ತು. ಹೋಗಲಿ ಬಿಡು ಅಂದೆ. ನಾನು, ಅವನಿಗೆ, ಹೋಗಲಿ ಬಿಡು ಅಂದೆ.

ಅವನು ಮತ್ತೆಂದೂ ಜೇಬಿನಲ್ಲಿ ಬಿಳಿ ಕರ್ಚೀಫು ಇಟ್ಟುಕೊಳ್ಳಲಿಲ್ಲ. ಹೆಗಲ ಮೇಲೊಂದು ಕೆಂಪು ಚೌಕಳಿಯ ವಸ್ತ್ರ, ಅದರಲ್ಲೇ ಮುಖ ಒರೆಸಿಕೊಳ್ಳುತ್ತಿದ್ದ. ನನ್ನ ಮಗನ ಮದುವೆಗೆ ಬಂದು ಎಲ್ಲರಿಗಿಂತ ಹೆಚ್ಚು ಓಡಾಡಿದ. ನಾನು ಅವರ ಮನೆಗೆ ಹೋದಾಗ ಜಯಮ್ಮ ಕಾಫಿ ಕೊಡುತ್ತಿದ್ದರು, ಮಾತು ಕಡಿಮೆ. ಒಂದು ಸಲ ಮಾತ್ರ, ಅವನು ಕನ್ನಡಕ ಎಲ್ಲೋ ಇಟ್ಟು ಹುಡುಕುತ್ತಿದ್ದಾಗ, ಇವರಿಗೆ ಯಾವುದು ಎಲ್ಲಿ ಇಟ್ಟೆ ಅನ್ನೋ ಜ್ಞಾನ ಮೊದಲಿಂದಲೂ ಇಲ್ಲ ಬಿಡಿ ಗೋವಿಂದಣ್ಣ ಅಂದರು. ಅವನು ಹುಡುಕುವುದನ್ನು ನಿಲ್ಲಿಸಿ ಹಾಗೇ ನಿಂತುಬಿಟ್ಟ. ಆ ಮನೆಯಲ್ಲಿ ಆ ಒಂದು ಮಾತು ಎಷ್ಟು ವರ್ಷದಿಂದ, ಎಷ್ಟೆಷ್ಟು ಬಗೆಯಲ್ಲಿ ಆಡಿಯಾಗಿತ್ತೋ. ನಾನು ಕಾಫಿ ಮುಗಿಸಿ ಎದ್ದು ಬಂದೆ.

ಹೋದ ತಿಂಗಳು ಸಿದ್ದರಾಜು ತೀರಿಕೊಂಡ. ಹನ್ನೊಂದರ ಕಾರ್ಯಕ್ಕೆ ಬಸವೇಶ್ವರನಗರದ ಅವರ ಮನೆಗೆ ಹೋಗಿದ್ದೆ. ಅವತ್ತು ಹೇಳಿಬಿಡಬೇಕು ಅಂತಲೇ ಹೋಗಿದ್ದೆ, ನಂಬುವುದಾದರೆ ನಂಬಿ. ಊಟ ಮುಗಿದು ಜನ ಕರಗಿದ ಮೇಲೆ ಜಯಮ್ಮ ಬಂದು ನನ್ನ ಪಕ್ಕದಲ್ಲಿ ಕೂತರು. ಕೇಳದೆಯೇ ಮಾತಾಡಿದರು. ಕೊನೆಯ ವಾರ ಅವನು ಬಹಳ ಚಡಪಡಿಸುತ್ತಿದ್ದನಂತೆ. ಇವರಿಗೆ ನೋಡಲಾಗದೆ ಅವನ ತಲೆ ಸವರಿ ಹೇಳಿದರಂತೆ. ‘ಆ ಕರ್ಚೀಫಿನ ವಿಷ್ಯ ನಾನು ಕ್ಷಮಿಸಿಬಿಟ್ಟಿದೀನಿ, ನೀವು ನೆಮ್ಮದಿಯಾಗಿ ಹೋಗಿ ಅಂದೆ ಗೋವಿಂದಣ್ಣ. ನಂಗೆ ಕೈ ಮುಗಿದ್ರು. ಅತ್ತುಬಿಟ್ರು.’

ಇಷ್ಟು ಹೇಳಿ, ಈಗ ನನ್ನ ಮನಸ್ಸೂ ಹಗುರಾಗಿದೆ ಅಂದರು.

ನಾನು ಹೇಳಲಿಲ್ಲ. ಅವರ ಹಗುರವನ್ನು ಕೆಡಿಸಬಾರದು ಅಂತ ಹೇಳಲಿಲ್ಲ ಅನ್ನಬಹುದು, ಚೆನ್ನಾಗಿ ಕೇಳುತ್ತದೆ. ಹಾಗಲ್ಲ. ಹೆದರಿಕೆ. ಇಷ್ಟು ವಯಸ್ಸಾಗಿ, ಸಾಯುವ ದಾರಿಯಲ್ಲಿ ನಿಂತು, ಇನ್ನೂ ನನ್ನ ಹೆಸರಿನ ಹೆದರಿಕೆ. ಥೂ, ನನ್ನ ಜನ್ಮಕ್ಕಿಷ್ಟು. ಮನೆಗೆ ಬಂದು ಮೂರು ದಿನ ಊಟ ಸೇರಲಿಲ್ಲ. ಏನೂ ಮಾಡದ ಒಬ್ಬ ಮನುಷ್ಯ ಹೆಂಡತಿಗೆ ಕೈಮುಗಿದು ಅತ್ತು ಸತ್ತ. ಅದು ನನ್ನ ಕೆಲಸ.

ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗುತ್ತೇನೆ. ಇದನ್ನು ಓದಿ ಹೇಳುವುದಿಲ್ಲ, ಬಾಯಿಂದಲೇ ಹೇಳಬೇಕು, ಬಾಯಿಂದ ತಾನೇ ಸುಳ್ಳು ಹೇಳಿದ್ದು. ಕಾಫಿ ಕೊಡಲು ಬಂದರೆ ಬೇಡ ಅನ್ನುತ್ತೇನೆ. ಹೇಳಬೇಕಾದ್ದನ್ನು ಕಲಿತುಕೊಂಡಿದ್ದೇನೆ, ಹೆಚ್ಚೇನೂ ಇಲ್ಲ.

ಜಯಮ್ಮ, ಅಲ್ಲಿ ಕರ್ಚೀಫು ಇರಲಿಲ್ಲ. ನಿಮ್ಮ ಕೈ ನಾನು ನೋಡಿದ್ದೆ. ನೋಡಿಯೂ ಹೋದೆ. ನೀವು ನನ್ನನ್ನು ಕ್ಷಮಿಸಿ ಅಂತ ಕೇಳಲು ಬಂದಿಲ್ಲ. ಸಿದ್ದರಾಜುವಿಗೆ ಕೊಟ್ಟಿರಲ್ಲ, ಆ ಕ್ಷಮೆಯನ್ನು ವಾಪಸ್ಸು ತೆಗೆದುಕೊಳ್ಳಿ. ಅವನಿಗೆ ಅದು ಬೇಕಿರಲಿಲ್ಲ.